ಮಲ್ಲಮ್ಮಕ್ಕಾ, ಆ ಟೈರು ಹೊಸದಾಗಿರಲಿಲ್ಲ

ಮಲ್ಲಮ್ಮಕ್ಕಾ, ಅಂದು ನಿಮ್ಮ ತಮ್ಮ ಹಣಮಂತ ಬ್ರೇಕ್ ಹಿಡಿಯಲಿಲ್ಲ. ನೀವು ಹೇಳಿದ್ದೇ ಸತ್ಯ. ಸುಳ್ಳು ಹೇಳಿದವನು ನಾನು — ಶಹಾಪುರದ ಬಸ್ ನಿಲ್ದಾಣದ ಎದುರು ಟೈರ್ ಅಂಗಡಿ ಇಟ್ಟುಕೊಂಡಿರುವ ಭೀಮರಾಯ. ಅವನ ಬೈಕಿನ ಹಿಂದಿನ ಗಾಲಿಗೆ ನಾನು ಹಾಕಿದ್ದು ಆರು ವರ್ಷದ ಹಳೆಯ ಟೈರು. ಅದನ್ನೂ ಬೇಕೆಂದೇ ಉಲ್ಟಾ ಹಾಕಿದ್ದೆ. ನಿಮ್ಮ ಬಲಗೈ ಮೊಣಕೈಯಲ್ಲಿ ಮಡಚದಂತಾದದ್ದಕ್ಕೆ, ಕುಬಸ ಹೊಲಿಯುತ್ತಿದ್ದ ನಿಮ್ಮ ಮಷೀನಿನ ಮೇಲೆ ಧೂಳು ಕೂತದ್ದಕ್ಕೆ, ನಾಲ್ಕು ವರ್ಷದಿಂದ ನಾಗರ ಪಂಚಮಿಗೆ ನೀವು ತವರಿನ ಹೊಸ್ತಿಲು ತುಳಿಯದಿದ್ದುದಕ್ಕೆ ಕಾರಣ ನಾನು.

ಇಷ್ಟು ಬರೆದು ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದೆ. ಮುಂದಿನದನ್ನು ಬರೆಯುತ್ತೇನೆ.

ಹಣಮಂತ ನನ್ನ ಅಂಗಡಿಗೆ ಬಂದದ್ದು ಆ ವರ್ಷದ ಪಂಚಮಿಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ. ನಿಮಗೆ ಗೊತ್ತೇ ಇದೆ, ಅವನು ಹತ್ತಿ ಮಿಲ್ಲಿನಲ್ಲಿ ತೂಕ ಹಿಡಿಯುವವನು, ಯಾವುದನ್ನೂ ಎರಡು ಸಲ ನೋಡದೆ ಒಪ್ಪುವ ಆಸಾಮಿಯಲ್ಲ.

"ಭೀಮಣ್ಣ, ಪಂಚಮಿಗಿ ಅಕ್ಕನ್ನ ಕರಕೊಂಡ ಬರಾಕ ಹೊಂಟೀನಿ. ಎರಡೂ ಟೈರ್ ಬದಲ ಮಾಡು. ಮಳಿಗಾಲ ಅದ, ಜಾರಬಾರದು ನೋಡು," ಎಂದ.

ಅಕ್ಕನನ್ನು ಕರೆಯಲು ಹೊರಟಿದ್ದೀಯೋ, ಹೆಣ್ಣು ನೋಡಲು ಹೊರಟಿದ್ದೀಯೋ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ಒಂದು ತಾಸು ಕೂತು ಆರಿಸಿದ. ಉದ್ದುದ್ದ ಗೆರೆಯ ಟೈರನ್ನು ಎತ್ತಿ ನೋಡಿ ಕೆಳಗಿಟ್ಟ. ಅದು ಒಣ ಡಾಂಬರಿಗೆ ಸರಿ, ಕೆಸರಿನಲ್ಲಿ ಕೈಕೊಡುತ್ತದೆ. ದಪ್ಪ ಹಲ್ಲಿನದನ್ನು ನೋಡಿದ. ಅದು ಹೊಲದ ದಾರಿಗೆ ಸರಿ, ಒದ್ದೆ ಡಾಂಬರಿನ ಮೇಲೆ ಹಿಡಿತ ಸಾಲದು. ಕೊನೆಗೆ ನಡುವಿನಿಂದ ಎರಡೂ ಬದಿಗೆ ಓರೆಯಾಗಿ ಕಾಲುವೆ ಕೊರೆದ ಟೈರನ್ನು ಹಿಡಿದು, ಕಾಲುವೆಯಲ್ಲಿ ಬೆರಳಾಡಿಸಿ, "ಇದು ನೀರ ಹೊರಗ ತಳ್ಳತದಲ್ಲ?" ಎಂದು ಕೇಳಿದ. ತಳ್ಳುತ್ತದೆ ಎಂದೆ. ಅವನ ಆಯ್ಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಅಕ್ಕಾ.

ಟೈರಿನ ಒಂದು ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ, ಅದು ತಯಾರಾದ ವಾರ ಮತ್ತು ವರ್ಷ. ಮಿಲ್ಲಿನಲ್ಲಿ ಯಾರೋ ಅದನ್ನೂ ಅವನಿಗೆ ಹೇಳಿಕೊಟ್ಟಿದ್ದರು. ಮುಂದಿನ ಗಾಲಿಯ ಟೈರಿನ ಅಂಕಿಗಳನ್ನು ಓದಿದ. ಆ ವರ್ಷದ್ದೇ. ಮುಖ ಅರಳಿತು.

"ಹಿಂದಿಂದೂ ಇದರ ಜೋಡೀನೇ ಏನು?"

"ಹೂಂ, ಒಂದೇ ಲಾಟಿಂದು," ಎಂದೆ.

ನಿಮಗೆ ಕುಬಸದ ಖಣ ತರಬೇಕೆಂದು ಅವನು ಬಜಾರಿಗೆ ಹೋದ. ನಾನು ಅಂಗಡಿಯ ಮುಂದೆ ಕೊಂಡಿಗೆ ತೂಗುಹಾಕಿದ್ದ ಟೈರನ್ನು ಇಳಿಸಿದೆ. ಹಿಂದಿನ ಗಾಲಿಯ ಅಳತೆಯಲ್ಲಿ ಆ ನಮೂನೆಯದು ನನ್ನಲ್ಲಿದ್ದುದು ಅದೊಂದೇ. ಅದು ಮಾರಲು ಇಟ್ಟದ್ದಲ್ಲ, ಬೋರ್ಡಿನ ಬದಲು ಇಟ್ಟದ್ದು. ಆರು ಬೇಸಿಗೆ ನಮ್ಮ ಬಿಸಿಲಿನಲ್ಲಿ ಒಣಗಿ, ಉಗುರು ಒತ್ತಿದರೆ ಗುರುತೂ ಬೀಳದಷ್ಟು ಗಟ್ಟಿಯಾಗಿತ್ತು. ದುಡ್ಡಿನ ಆಸೆಗೆ ಹಾಗೆ ಮಾಡಿದೆ ಎಂದು ನೀವು ತಿಳಿದರೆ ಅದೇ ವಾಸಿ. ನಿಜ ಹೇಳಬೇಕೆಂದರೆ, "ನನ್ನ ಹತ್ತಿರ ಇಲ್ಲ" ಎಂಬ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಎದುರು ಸಾಲಿನಲ್ಲಿ ಹೊಸ ಅಂಗಡಿ ಶುರುವಾಗಿತ್ತು. ಭೀಮರಾಯನ ಅಂಗಡಿಯಲ್ಲಿ ಸಿಗದೆ ಗಿರಾಕಿ ಅತ್ತ ರಸ್ತೆ ದಾಟುವುದನ್ನು ನೋಡಲಾರದಷ್ಟು ದೊಡ್ಡದಿತ್ತು ನನ್ನ ಸೊಕ್ಕು.

ಕೂಡಿಸುವಾಗ ಇನ್ನೊಂದು ತೊಡಕು ಬಂತು. ಟೈರಿನ ಮೇಲೆ ಬಾಣದ ಗುರುತಿರುತ್ತದೆ. ಗಾಲಿ ಉರುಳುವ ದಿಕ್ಕಿಗೇ ಬಾಣ ಇರಬೇಕು. ಹಾಗೆ ಸರಿಯಾಗಿ ಹಾಕಿದರೆ ಆ ನಾಲ್ಕು ಅಂಕಿ ಬಲಗಡೆಗೆ ಬರುತ್ತಿದ್ದವು, ಕಣ್ಣಿಗೆ ಹೊಡೆಯುವ ಹಾಗೆ. ತಿರುಗಿಸಿ ಹಾಕಿದರೆ ಎಡಗಡೆಗೆ, ಚೈನ್ ಕವರು ಮತ್ತು ಸೀರೆ ಸಿಗದಂತೆ ಹಾಕಿದ ಜಾಲರಿಯ ಮರೆಗೆ. ಆದರೆ ತಿರುಗಿಸಿದರೆ ನೀರನ್ನು ಹೊರಗೆ ತಳ್ಳಬೇಕಾದ ಕಾಲುವೆಗಳು ಒಳಗೆ ಎಳೆಯುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ್ದರೆ ಅದು ಬೇರೆ ಮಾತು. ಟೈರು ಹಿಡಿದು ನಿಂತೆ — ಎದುರಿನ ನಿಲ್ದಾಣದಲ್ಲಿ ಒಂದು ಬಸ್ಸು ಹಿಂದೆ ಸರಿದು ತಿರುಗಿ ಹೊರಡುವಷ್ಟು ಹೊತ್ತು. ಆಮೇಲೆ ತಿರುಗಿಸಿಯೇ ಹಾಕಿದೆ. ಮೇಲೆ ಪಾಲಿಶ್ ಸವರಿದೆ.

ಹಣಮಂತ ಬಂದು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಇದರ ಮ್ಯಾಲ ಅಂಕಿ ಕಾಣವಲ್ದಲ್ಲ?"

"ಆ ಕಡಿ ಮಗ್ಗಲಿಗಿ ಅದಾವ. ಗಾಲಿ ಬಿಚ್ಚಿ ತೋರಸಲೇನು?" ನನ್ನ ದನಿಯಲ್ಲಿ ಸಿಟ್ಟಿತ್ತು. ಬೇಕೆಂದೇ ತಂದುಕೊಂಡ ಸಿಟ್ಟು.

ಅವನು ನಾಚಿಕೊಂಡ. "ಬ್ಯಾಡ ಬಿಡಣ್ಣ. ನಿನ್ನ ಮ್ಯಾಲ ನಂಬಿಕಿ ಅದ."

ಮರುದಿನ ಹಿಡಿದ ಮಳೆ ಬಿಡಲಿಲ್ಲ. ಟ್ರ್ಯಾಕ್ಟರುಗಳು ಭತ್ತದ ಗದ್ದೆಯ ಎರೆಕೆಸರನ್ನು ಎಳೆದು ತಂದು ಡಾಂಬರಿಗೆ ಮೆತ್ತುತ್ತಿದ್ದವು. ಅಂಗಡಿಯಲ್ಲಿ ಕೂತು ನಾನು ಆ ರಸ್ತೆಯನ್ನೇ ನೋಡುತ್ತಿದ್ದೆ. ಅವನ ಫೋನ್ ನಂಬರ್ ನನ್ನಲ್ಲಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡು ಹೆಸರು ತೆಗೆದೆ. ಹಣಮಂತ, ಗಾಡಿ ಒಮ್ಮೆ ತಾ, ಏನೋ ಮರೆತಿದ್ದೇನೆ — ಅಷ್ಟು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಅವನು ನನ್ನ ಅಂಗಡಿಯ ಮುಂದೆಯೇ ಹಾರ್ನ್ ಹೊಡೆದು, ಕೈ ಎತ್ತಿ ನಿಮ್ಮನ್ನು ಕರೆತರಲು ಸುರಪುರದ ಕಡೆಗೆ ಹೋದ. ನಾನೂ ಕೈ ಎತ್ತಿದೆ.

ಮಧ್ಯಾಹ್ನದೊಳಗೆ ಸುದ್ದಿ ಬಂತು. ಬರುವಾಗ ಹತ್ತಿಗೂಡೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ಜಾರಿತೆಂದು, ನೀವು ರಸ್ತೆಯಂಚಿನ ಕಲ್ಲಿನ ಮೇಲೆ ಬಿದ್ದಿರೆಂದು, ನಿಮ್ಮನ್ನು ಕಲಬುರಗಿಗೆ ಒಯ್ದರೆಂದು. ಸಂಜೆ ಗಾಡಿಯನ್ನು ಆಟೋದಲ್ಲಿ ಹೇರಿ ತಂದು ನನ್ನ ಅಂಗಡಿಯಲ್ಲೇ ಇಳಿಸಿದರು. ಎಲ್ಲ ಬಿಟ್ಟು ನನ್ನ ಅಂಗಡಿಯಲ್ಲಿ.

ಮರುದಿನ ನಾನು ಮಾಡಿದ್ದನ್ನು ಕೇಳಿ. ಬೆಳಿಗ್ಗೆ ಬಸ್ಸು ಹಿಡಿದು ಯಾದಗಿರಿಗೆ ಹೋಗಿ, ಅದೇ ನಮೂನೆಯ, ಅದೇ ಅಳತೆಯ, ಅದೇ ವರ್ಷದ ಟೈರು ತಂದೆ. ಹೋಗಿಬರಲು ಅರ್ಧ ದಿನವೂ ಹಿಡಿಯಲಿಲ್ಲ. ಹಣಮಂತ ಕೇಳಿದ ದಿನ ಹೋಗಬಹುದಾಗಿದ್ದ ಹಾದಿಯನ್ನು ನೀವು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಹೋಗಿಬಂದೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಬಾಣದ ಪ್ರಕಾರ ಕೂಡಿಸಿ, ಅದಕ್ಕೆ ಕೆಸರು ಮೆತ್ತಿದೆ. ನನ್ನ ಕೈಯೇ ಅದನ್ನು ಮಾಡಿತೇ ಎಂದು ಈಗಲೂ ಒಮ್ಮೊಮ್ಮೆ ಕೈ ನೋಡಿಕೊಳ್ಳುತ್ತೇನೆ.

ಮೂರನೆಯ ದಿನ ನಿಮ್ಮ ಯಜಮಾನರು ಸಿದ್ದಣ್ಣ ಬಂದರು. ಅವರ ಹಿಂದೆ ಹಣೆಗೆ ಪಟ್ಟಿ ಕಟ್ಟಿಕೊಂಡ ಹಣಮಂತ. ಎಚ್ಚರವಾದಾಗಿನಿಂದ ನೀವು ಒಂದೇ ಮಾತು ಹೇಳುತ್ತಿದ್ದಿರಂತೆ — ತಮ್ಮ ಬ್ರೇಕ್ ಹಿಡಿಯಲಿಲ್ಲ, ಜೋರಾಗಿಯೂ ಓಡಿಸಲಿಲ್ಲ, ಗಾಡಿ ತಾನೇ ಹಿಂದಿನಿಂದ ಜಾರಿತು ಎಂದು. ನಿಮ್ಮ ಮಾತು ನಿಜವೋ, ತಮ್ಮನ ಮೇಲಿನ ಮಮತೆಯೋ ಎಂದು ತಿಳಿಯಲು ಅವರು ಬಂದಿದ್ದರು.

"ನೀ ಟೈರ್ ಹಾಕಿದಾಂವ. ಖರೇ ಹೇಳು. ದೋಷ ಟೈರಿಂದೋ, ಇವನ ಕೈಯಿಂದೋ?"

ನಾನು ಗಾಲಿ ತಿರುಗಿಸಿ, ಕೆಸರು ಒರೆಸಿ, ಬಲಗಡೆಯ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟೆ.

"ನೋಡ್ರಿ ಸಿದ್ದಣ್ಣಾರ, ಹೊಸಾ ಟೈರ್ ಅದ. ನೀರಾಗ ಬ್ರೇಕ್ ಜೋರ ಹಿಡದಾನ, ಅದಕ್ಕ ಜಾರ್ಯಾನ."

ಅಂದು ಬಲಗಡೆ ಅಂಕಿಗಳಿಲ್ಲದ್ದನ್ನು ಹಣಮಂತ ತನ್ನ ಕಣ್ಣಾರೆ ನೋಡಿದ್ದ. ಅವನು ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ. ಅವನು ಗಾಲಿಯ ಕಡೆ ನೋಡಲೇ ಇಲ್ಲ. ತನ್ನ ಬಲಗೈ ನೋಡುತ್ತಿದ್ದ. "ಹೌದ್ರಿ ಭಾವ," ಎಂದ. "ನಾನೇ ಹಿಡದಿರಬೇಕು."

ನಾನು ಕೆಸರು ಒರೆಸಿದ ಬಟ್ಟೆ ಮಡಚಿಟ್ಟೆ. ಕೆಸರಿತ್ತು, ತಿರುವಿತ್ತು, ಹೊಸ ಟೈರಾಗಿದ್ದರೂ ಜಾರುತ್ತಿತ್ತೇನೋ — ಈ "ಏನೋ" ಎಂಬುದರ ಹಿಂದೆ ನಾಲ್ಕು ವರ್ಷ ಅಡಗಿ ಕೂತೆ. ಜಾರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಸುಳ್ಳು ಹೇಳಿದೆನೆಂಬುದು ಗೊತ್ತು.

ಮುಂದಿನದು ನಿಮಗೆ ಅರ್ಧ ಗೊತ್ತಿದೆ. ಸಿದ್ದಣ್ಣ ನಿಮ್ಮನ್ನು ತವರಿಗೆ ಕಳಿಸಲಿಲ್ಲ, ಹಣಮಂತನನ್ನು ಮನೆಗೆ ಸೇರಿಸಲಿಲ್ಲ. ಅವನು ಗಾಡಿ ಮುಟ್ಟುವುದನ್ನು ಬಿಟ್ಟ. ನಿಮಗೆ ಗೊತ್ತಿಲ್ಲದ ಅರ್ಧ ಇದು. ಪ್ರತಿ ವರ್ಷ ಪಂಚಮಿಯ ಹಿಂದಿನ ದಿನ ನಿಮ್ಮ ತಾಯಿ ಕಟ್ಟಿದ ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಸುರಪುರಕ್ಕೆ ಬಂದು, ನಿಮ್ಮ ಮುಚ್ಚಿದ ಬಾಗಿಲ ಮುಂದೆ ನಿಂತು ಹೋಗುತ್ತಿದ್ದನಲ್ಲ, ಆ ಡಬ್ಬಿಯನ್ನು ಅವನು ನೇರ ನನ್ನ ಅಂಗಡಿಗೆ ತರುತ್ತಿದ್ದ.

"ತಿನ್ನಣ್ಣ. ತಿರುಗಿ ಒಯ್ದರ ಅವ್ವ ಅಳತಾಳ. ಅಕ್ಕ ತಿಂದ್ಲು ಅಂತ ಹೇಳತೀನಿ."

ಒಂದು ವರ್ಷ ಅಂದ: "ಅಕ್ಕ ಒಳಗ ಇದ್ಲು. ಬಳಿ ಸಪ್ಪಳ ಕೇಳ್ತು." ನಿಮ್ಮ ಪಾಲಿನ ಉಂಡಿಗಳನ್ನು ನಾನು ತಿಂದೆ, ಅಕ್ಕಾ. ಒಂದಲ್ಲ, ಮೂರು ವರ್ಷ. ಅವನು ನೋಡುತ್ತ ಕೂತಿರುತ್ತಿದ್ದ, ನಾನು ಅಗಿಯುತ್ತಿದ್ದೆ.

ಈ ವರ್ಷ ಅವನು ಡಬ್ಬಿಯ ಮುಚ್ಚಳ ತೆಗೆದು ಒಂದು ಉಂಡಿ ನನ್ನ ಕೈಗಿಟ್ಟಾಗ ಬಾಯಿಗೆ ಒಯ್ಯಲು ಆಗಲಿಲ್ಲ. ಹೇಳಿಬಿಟ್ಟೆ. ಕೊಂಡಿಯ ಟೈರು, ಬಾಣ, ಯಾದಗಿರಿ, ಎಲ್ಲ. ಬಡಿಯುತ್ತಾನೆಂದುಕೊಂಡಿದ್ದೆ, ಬಡಿದಿದ್ದರೆ ನನಗೆ ಹಗುರಾಗುತ್ತಿತ್ತು, ಅದಕ್ಕೇ ಏನೋ ಬಡಿಯಲಿಲ್ಲ. ಉಂಡಿಯನ್ನು ನನ್ನ ಕೈಯಿಂದ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಅಂದ್ರ ಅಕ್ಕ ಖರೇನೇ ಹೇಳಿದ್ಲು," ಎಂದ. ಡಬ್ಬಿ ಹಿಡಿದು ಎದ್ದವನು ಅಂದ: "ನಾನೂ ಆಕೀನ್ನ ನಂಬಲಿಲ್ಲಲ್ಲೋ ಭೀಮಣ್ಣ."

ಅಷ್ಟೇ. ಮಳೆಯಲ್ಲೇ ರಸ್ತೆ ದಾಟಿ ಮತ್ತೆ ಸುರಪುರದ ಬಸ್ಸು ಹತ್ತಿದ.

ಅದಾಗಿ ಎರಡು ದಿನ. ಅವನು ಮಿಲ್ಲಿಗೆ ಬಂದಿಲ್ಲ. ಫೋನು ಹತ್ತುತ್ತಿಲ್ಲ. ಇಂದು ಬೆಳಿಗ್ಗೆ ನಿಮ್ಮ ತಾಯಿ ನನ್ನ ಅಂಗಡಿಗೆ ಬಂದು, ಪಂಚಮಿಗೆ ಅಕ್ಕನ ಮನೆಯಲ್ಲೇ ಉಳಿದನೇ ಎಂದು ಕೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು. ಅವರು ಹೋದ ಮೇಲೆ ಈ ಕಾಗದ ಬರೆಯಲು ಕೂತೆ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೇ ಈ ಕಾಗದ ತರುತ್ತೇನೆ. ಬಾಗಿಲು ತೆಗೆಯದಿದ್ದರೆ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಓದುತ್ತೇನೆ. ಸಿದ್ದಣ್ಣ ಏನು ಮಾಡಿದರೂ ಸರಿ. ಹಣಮಂತ ನಿಮ್ಮ ಮನೆಯಲ್ಲಿದ್ದರೆ ನನ್ನ ಮಾತು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ನೀವೂ ನನ್ನ ಜೊತೆ ಹುಡುಕಲು ಹೊರಡಬೇಕು, ಅಕ್ಕಾ. ಅವನ ತಪ್ಪೇನೂ ಇರಲಿಲ್ಲ ಎಂದು ನಾನು ಹೇಳಿದ್ದನ್ನು ಅವನು ಕೇಳಿದ್ದಾನೆ. ಅದನ್ನು ಅವನು ನಿಮ್ಮ ಬಾಯಿಂದ ಕೇಳಬೇಕು.