ಹನ್ನೊಂದನೆಯ ಮನೆಯ ಚಹಾ

ನಾನು ಆಶಾ ಕಾರ್ಯಕರ್ತೆ. ಮರಳಿಯಲ್ಲಿ ಹದಿನಾಲ್ಕು ವರ್ಷದಿಂದ ಮನೆ ಮನೆ ತಿರುಗುತ್ತಿದ್ದೇನೆ. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ, ಕೊಟ್ಟ ಚಹಾ ಬೇಡವೆನ್ನಬಾರದು. ಊರೊಳಗೆ ಬೇಡವೆಂದರೆ ಮುಖ ಸಣ್ಣದು ಮಾಡುತ್ತಾರೆ, ಅಷ್ಟೇ. ಊರಾಚೆಯ ಕೇರಿಯಲ್ಲಿ ಬೇಡವೆಂದರೆ ಅದರ ಅರ್ಥವೇ ಬೇರೆ. ನಾನು ಮೇಲಿನ ಓಣಿಯವಳು. ಮೊದಲ ದಿನ ಅಲ್ಲಿ ಒಬ್ಬ ಅಜ್ಜಿ ಕಪ್ಪು ಮುಂದಿಟ್ಟು ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದಳು. ಪೂರ್ತಿ ಕುಡಿದೆ. ಆಮೇಲೆ ಕೇರಿಯ ಯಾವ ಬಾಗಿಲೂ ನನಗೆ ಮುಚ್ಚಲಿಲ್ಲ.

ನಲವತ್ತೊಂಬತ್ತಕ್ಕೆ ನನ್ನ ಮುಟ್ಟು ಹಿಂದೆಮುಂದಾಗತೊಡಗಿತು. ಎದೆಯಿಂದ ಉರಿ ಎದ್ದು ಕಿವಿಗೇರುವುದು, ಕುಪ್ಪಸ ತೊಯ್ಯುವುದು, ಬೆಳಗಾಗುವ ತನಕ ಕಣ್ಣು ಪಿಳಿಪಿಳಿ. ಯಾರಿಗೂ ಬಾಯಿ ಬಿಡಲಿಲ್ಲ. ಊರ ಹೆಂಗಸರಿಗೆಲ್ಲ "ಮುಚ್ಚಿಡಬ್ಯಾಡ್ರಿ" ಎನ್ನುವವಳು ನಾನೇ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ.

ಹೀಗಿರುವಾಗ ಆ ಅಜ್ಜಿಯ ಸೊಸೆಗೆ ಕೂಸಿನ ಲಸಿಕೆಯ ತಾರೀಖು ತಪ್ಪಾಗಿ ಬರೆದುಕೊಟ್ಟೆ. ಭತ್ತದ ನಾಟಿ ಬಿಟ್ಟು ಕೂಸನ್ನೆತ್ತಿಕೊಂಡು ಬಂದವಳು ಬೀಗ ಹಾಕಿದ ಅಂಗನವಾಡಿಯ ಮುಂದೆ ನಿಂತಿದ್ದಳು.

"ಇರ್ಲಿ ಬಿಡ್ರಿ ಅಕ್ಕಾರ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಹೆದರಿಕೆಯಾಯಿತು. ಇವತ್ತು ತಾರೀಖು ತಪ್ಪಿತು, ನಾಳೆ ಗುಳಿಗೆ ತಪ್ಪಿದರೆ? ಕೆಲಸವನ್ನೂ ಬಿಡುವುದಿಲ್ಲ, ನಿದ್ದೆಯನ್ನೂ ಬಿಡುವುದಿಲ್ಲ ಎಂದು ಹಟ ತೊಟ್ಟು ಗಂಗಾವತಿಯ ಬಸ್ಸು ಹತ್ತಿದೆ.

ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದುಕೊಟ್ಟು, ದಿನಕ್ಕೆ ಎಷ್ಟು ಚಹಾ ಎಂದು ಕೇಳಿದರು. ಬೆರಳು ಮಡಚುತ್ತಾ ಹೋದೆ. ಹತ್ತೂ ಮುಗಿದವು, ಒಂದು ಮನೆ ಉಳಿಯಿತು.

"ಮುಂಜಾನಿ ಒಂದು ಸಾಕ್ರಿ. ದಿನಾ ಒಂದ ಹೊತ್ತಿಗೆ ಮಲಗ್ರಿ, ಒಂದ ಹೊತ್ತಿಗೆ ಏಳ್ರಿ. ತಿಂಗಳ ಬಿಟ್ಟು ಬರ್ರಿ, ಕಡಿಮಿ ಆಗ್ಲಿಲ್ಲಂದ್ರ ಔಷಧ ನೋಡೂಣು" ಎಂದರು.

ಮಲಗುವುದು, ಏಳುವುದು ನನ್ನ ಕೈಯಲ್ಲಿತ್ತು. ಚಹಾ ಮಾತ್ರ ಹನ್ನೊಂದು ಮನೆಗಳ ಕೈಯಲ್ಲಿತ್ತು. ಹತ್ತು ಮನೆಗಳನ್ನು "ಪಿತ್ತ ಆಗೈತ್ರಿ" ಎಂಬ ಸುಳ್ಳು ಹೇಳಿ ದಾಟಿದೆ. ಹನ್ನೊಂದನೆಯದು ಅಜ್ಜಿಯ ಮನೆ.

"ಬ್ಯಾಡಬೇ" ಎಂದೆ. ಕಪ್ಪು ಹಿಡಿದ ಅಜ್ಜಿಯ ಕೈ ಅಲ್ಲೇ ನಿಂತಿತು.

"ಈಗ ನಮ್ಮ ಮನಿ ಚಾ ಸೇರವಲ್ದೇನ್ರಿ ನಿಮಗ?" ಯಾವತ್ತೂ ತಂಗಿ ಎನ್ನುವವಳು ಅಂದು ಬಹುವಚನಕ್ಕೆ ಹೋಗಿದ್ದಳು.

ಅವಳ ಮುಂದೆ ಪಿತ್ತದ ಸುಳ್ಳು ನಾಲಿಗೆಗೆ ಬರಲಿಲ್ಲ. "ಮುಟ್ಟು ನಿಲ್ಲಾಕತ್ತೈತಿಬೇ. ಮೈ ಉರಿತೈತಿ, ನಿದ್ದಿ ಇಲ್ಲ. ಅದಕ್ಕ ನಿನ್ನ ಮೊಮ್ಮಗಳ ತಾರೀಖು ತಪ್ಪು ಬರದುಕೊಟ್ಟೆ. ಚಾ ಬಿಟ್ಟೀನಿ. ನಿನ್ನ ಕೊಡದಾಗಿನ ನೀರು ಕೊಡು."

ಅವಳು ತಂಬಿಗೆ ತುಂಬಿ ತಂದಳು. ಎತ್ತಿ ಹೊಯ್ದುಕೊಳ್ಳದೆ ತಂಬಿಗೆಗೆ ಬಾಯಿ ಹಚ್ಚಿಯೇ ಕುಡಿದೆ. ಅಜ್ಜಿ ಪಕ್ಕದಲ್ಲಿ ಕುಳಿತಳು.

"ನನಗೂ ಹಿಂಗ ಆಗಿತ್ತು ತಂಗಿ. ಮೈಯಾಗ ದೇವರು ಬಂದೈತಿ ಅಂತ ಐದು ಹುಣ್ಣಿವಿ ಹುಲಿಗಿ ಅಮ್ಮನ ಗುಡಿಗೆ ನಡಿಸಿಕೊಂಡು ಹೋಗಿದ್ರು. ಇದು ಇಂಥಾದ್ದು ಅಂತ ಯಾರೂ ಹೇಳಲಿಲ್ಲ."

ಮರುದಿನವೇ ಉಳಿದ ಹತ್ತು ಮನೆಗೂ ಹೋಗಿ, ಪಿತ್ತವಲ್ಲ, ಮುಟ್ಟು ನಿಲ್ಲುತ್ತಿದೆ ಎಂದು ಹೇಳಿಬಂದೆ. ಮೂರು ಮನೆಯಲ್ಲಿ ಹೆಂಗಸರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿ ತಮ್ಮದೂ ಹೇಳಿಕೊಂಡರು.

ಉರಿ ಪೂರ್ತಿ ಹೋಗಿಲ್ಲ. ಆದರೆ ಹೆಚ್ಚಿನ ದಿನ ಐದರ ತನಕ ನಿದ್ದೆ ಬರುತ್ತದೆ. ಕೇರಿಗೆ ಹೋದರೆ ಹೊಸ್ತಿಲು ತುಳಿಯುವ ಮೊದಲೇ ಅಜ್ಜಿ ಸೊಸೆಗೆ ಕೂಗುತ್ತಾಳೆ: "ಅಕ್ಕಾರಿಗೆ ನೀರು ತಾ. ರಾತ್ರಿ ನಿದ್ದಿ ಬಂತೇನು, ಕೇಳು."

ಹದಿನಾಲ್ಕು ವರ್ಷ ಮನೆ ಮನೆಯಲ್ಲೂ ಆರೋಗ್ಯ ಕೇಳಿದವಳು ನಾನು. ನನ್ನದನ್ನು ಕೇಳಿದ ಮೊದಲ ಮನೆ ಅದು.