ಗೋಡೆಗೆ ಬಿಗಿದ ಮೇಜು

ವಾಲ್ವಣ್ಣ ಗಿಟಾರು ರಿಪೇರಿಗೆಂದು ಮೇಜು ಮಾಡಲು ಕೂತಾಗ ಅವನ ಹೆಂಡತಿ ಹೊಲಿಗೆ ಮೆಷಿನ್ನಿನ ಹಿಂದಿನಿಂದ ಕೇಳಿದಳು: "ಊಟಕ್ಕೇ ಮೇಜಿಲ್ಲದ ಮನೇಲಿ ಗಿಟಾರಿಗೆ ಮೇಜಾ?" ಅವನಿಗೆ ಕೇಳಿಸಲಿಲ್ಲ. ಕೇಳಿಸಿದರೂ ಕೇಳಿಸದವನಂತೆ ಇರುವ ವಿದ್ಯೆ ಅವನಿಗೆ ಚೆನ್ನಾಗಿ ಒಲಿದಿತ್ತು. ಕಾರ್ಖಾನೆ ಅವನ ಕಿವಿ ತಿಂದು ಪ್ರತಿಯಾಗಿ ಕೊಟ್ಟ ಬೋನಸ್ಸು ಅದೊಂದೇ.

ತಗಡು ಒತ್ತುವ ಕಾರ್ಖಾನೆ. ಹನ್ನೆರಡು ಪ್ರೆಸ್ಸು, ಹನ್ನೆರಡಕ್ಕೂ ಒಂದೇ ಕಬ್ಬಿಣದ ಕೊಳವೆಯಲ್ಲಿ ಗಾಳಿ. ಆ ಗಾಳಿಯ ಮುಖ್ಯ ವಾಲ್ವಿನ ಪಕ್ಕ ಇಪ್ಪತ್ತಾರು ವರ್ಷ ನಿಂತವನು ಇವನು. ವಾಲ್ವ್ ತಿರುಗಿಸಿದರೆ ಹನ್ನೆರಡೂ ಪ್ರೆಸ್ಸು ನಿಂತಲ್ಲೇ ನಿಲ್ಲುತ್ತಿದ್ದವು. ಹೆಸರು ಬಂದದ್ದು ಹಾಗೆ. ಕಾರ್ಖಾನೆಗೆ ಬೀಗ ಬಿದ್ದು ಎಂಟು ವರ್ಷವಾದರೂ ಹೆಸರು ಹೋಗಿರಲಿಲ್ಲ. ಬಲಗಿವಿ ಪೂರ್ತಿ ಸತ್ತಿತ್ತು. ಎಡಗಿವಿಗೆ ಮಾತು ಬಿಂದಿಗೆಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಜನರ ತುಟಿ ನೋಡಿ ಉಳಿದದ್ದನ್ನು ತುಂಬಿಕೊಳ್ಳುತ್ತಿದ್ದ.

ಗಿಟಾರಿನ ಕೆಲಸ ಅವನಿಗೆ ಅಂಟಿದ್ದು ಯೂನಿಯನ್ನಿನಿಂದ. ಗೇಟಿನ ಮುಂದೆ ಸಭೆ ನಡೆದಾಗ ಹಾಡಲು ಒಂದು ಗಿಟಾರಿತ್ತು. ಅದು ಮಳೆಯಲ್ಲಿ ನೆಂದಿತು, ಪೊಲೀಸರ ಲಾಠಿ ತಿಂದಿತು, ಒಮ್ಮೆ ಲಾರಿಯಿಂದಲೂ ಬಿತ್ತು. ಪ್ರತಿ ಸಲ ಅದರ ಕತ್ತು ಕೂರಿಸಿ, ಹೊಟ್ಟೆ ಅಂಟಿಸಿ, ತಂತಿ ಬಿಗಿದು ಮತ್ತೆ ಸಭೆಗೆ ಕಳಿಸಿದವನು ವಾಲ್ವಣ್ಣ. ಈಗ ಅರವತ್ತು ದಾಟಿ, ಹೆಂಡತಿಯ ಹೊಲಿಗೆಯ ಅನ್ನ ತಿಂದುಕೊಂಡು ಜಗಲಿಯಲ್ಲಿ ಕೂರುವುದು ಅವನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು.

ಹಲಗೆ ಮುಚ್ಚಿಹೋದ ಕ್ಯಾಂಟೀನಿನದು. ಎರಡು ಅಂಗುಲ ದಪ್ಪ, ಅಡಿಯಲ್ಲಿ ಯಾರೋ ಮೆತ್ತಿದ ಚೂಯಿಂಗ್ ಗಮ್ಮು ಕಲ್ಲಾಗಿ ಕೂತಿತ್ತು. ಎತ್ತರ ಸರಿಯಾಗಿ ಸೊಂಟದ ಮಟ್ಟ, ಬಗ್ಗಿ ಬಗ್ಗಿ ಬೆನ್ನು ಕಳೆದುಕೊಂಡವರನ್ನು ಅವನು ಸಾಕಷ್ಟು ಕಂಡಿದ್ದ. ಗಿಟಾರಿನ ಬೆನ್ನು ಗೀಚಬಾರದೆಂದು ಮೇಲೆ ಹಳೆ ಕಾರ್ಪೆಟ್ಟಿನ ತುಂಡು ಹಾಸಿದ. ಕತ್ತು ಇಡಲು ಮರದ ತುಂಡೊಂದರಲ್ಲಿ ಗುಳಿ ಕೊರೆದು, ಒಳಗೆ ಸವೆದ ಚಪ್ಪಲಿಯ ರಬ್ಬರು ಅಂಟಿಸಿದ. ಮರ ಬಿಗಿಹಿಡಿಯುವ ವೈಸಿನ ಎರಡು ದವಡೆಗೂ ಬೆಲ್ಟಿನ ಚರ್ಮ ಹೊದಿಸಿದ. ಸಣ್ಣ ಅರಗಳು, ಕೂದಲಿನಷ್ಟು ಸಂದು ಅಳೆಯುವ ತಗಡುಗಳು, ಹೊಟ್ಟೆಯೊಳಗೆ ನೋಡಲು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ, ಎಲ್ಲಕ್ಕೂ ಒಂದೊಂದು ಮೊಳೆ.

ಎಲ್ಲ ಆಯಿತು, ಅರ ಹಾಕಿ ನೋಡಿದರೆ ಮೇಜು ಅಲ್ಲಾಡಿತು. ಅಲ್ಲಾಡುವ ಮೇಜಿನ ಮೇಲೆ ಗಿಟಾರಿನ ಕತ್ತಿನ ಲೋಹದ ಫ್ರೆಟ್ಟು ತೀಡುವುದೂ ಓಡುವ ಬಸ್ಸಿನಲ್ಲಿ ಗಡ್ಡ ಹೆರೆಯುವುದೂ ಒಂದೇ. ನಾಲ್ಕು ಉದ್ದನೆಯ ಬೋಲ್ಟು ತಂದು ಮೇಜನ್ನು ಗೋಡೆಗೇ ಬಿಗಿದುಬಿಟ್ಟ. ಕ್ವಾರ್ಟರ್ಸಿನ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು, ಎರಡು ಮನೆಗೆ ಒಂದೇ ಗೋಡೆ.

ಹೆಂಡತಿ ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ ಹೇಳಿದಳು: "ರೀ, ಹಿಂಗೆ ತೂತು ಕೊರೆದ್ರೆ ಆಚೆ ಮನೆಯವರು ಜಗಳಕ್ಕೆ ಬರ್ತಾರೆ."

"ಆಚೆ ಮನೇಲಿ ಯಾರಿದ್ದಾರೆ?"

"ಅದಕ್ಕೇ ಹೇಳಿದ್ದು."

ಆಚೆ ಮನೆ ಎಂಟನೇ ನಂಬರಿನವನದು, ಅಂದರೆ ಎಂಟನೇ ಪ್ರೆಸ್ಸಿನವನದು. ಅವನು ಸತ್ತು ಎರಡು ವರ್ಷವಾಗಿತ್ತು. ಬೀಗದ ಕೈಯನ್ನು ಅವನ ತಂಗಿ ಇವರಲ್ಲೇ ಬಿಟ್ಟುಹೋಗಿದ್ದಳು. ಅದು ಗೋಡೆ ಗಡಿಯಾರದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ಮೊದಲ ಗಿಟಾರು ಬಂದದ್ದು ಸೋಮವಾರ. ತಂದವಳು ಶಾಲೆಯ ಸಂಗೀತದ ಟೀಚರು, ಹೆಂಡತಿಯ ಹತ್ತಿರ ಬಟ್ಟೆ ಹೊಲಿಸುವವಳು. ಆಕೆ ಗಿಟಾರನ್ನು ಕೂಸಿನ ಹಾಗೆ ಎದೆಗವಚಿಕೊಂಡೇ ನಿಂತಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವರಿಗೆ ಕಿವಿ..."

"ಕಿವಿ ಇಲ್ಲ ಟೀಚರಮ್ಮ, ಹಲ್ಲಿದೆ," ಅಂದ ವಾಲ್ವಣ್ಣ. ಗಿಟಾರು ಇಸಕೊಂಡು, ಅದರ ಭುಜದ ಅಂಚಿಗೆ ಬಟ್ಟೆ ಹಾಕಿ, ಮೆಲ್ಲಗೆ ಕಚ್ಚಿ ಹಿಡಿದು ತಂತಿ ಮೀಟಿದ. ಕಾರ್ಖಾನೆಯಲ್ಲಿ ಎಲ್ಲರೂ ಕಲಿತ ವಿದ್ಯೆ ಅದು: ಕಿವಿಗೆ ಸಿಗದ್ದು ದವಡೆಯ ಎಲುಬಿಗೆ ಸಿಗುತ್ತದೆ. "ನಾಲ್ಕನೇ ತಂತಿ ಗೊರ್ ಅಂತಿದೆ. ಹೌದೋ ಅಲ್ವೋ?"

ಟೀಚರಮ್ಮನ ಹುಬ್ಬು ಮೇಲೆ ಹೋಯಿತು. "ಹೌದು. ಶನಿವಾರ ಮಕ್ಕಳ ಕಾರ್ಯಕ್ರಮ ಇದೆ, ಶುಕ್ರವಾರ ಬೇಕು. ಇದು ಸರಿಹೋದ್ರೆ ಶಾಲೆಯ ಹನ್ನೊಂದೂ ನಿಮಗೇ ಕಳಿಸ್ತೀನಿ. ಹಾಳಾದ್ರೆ..." ಹಾಳಾದರೆ ಏನೆಂದು ವಾಲ್ವಣ್ಣನಿಗೆ ಗೊತ್ತಿತ್ತು. ಮತ್ತೆ ಜಗಲಿ.

ಮಂಗಳವಾರ ಮಧ್ಯಾಹ್ನ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಅಂಚು ಕಚ್ಚಿ, ಒಂದೊಂದೇ ತಂತಿ ಮೀಟುತ್ತ ಬಂದ. ಗೊರ್ ಸದ್ದಿನ ಕೆಳಗೆ ಇನ್ನೊಂದು ಸದ್ದು ಸಿಕ್ಕಿತು. ಟಕ್. ಟಕ್. ತಂತಿಯನ್ನು ಅಂಗೈಯಿಂದ ಅದುಮಿ ಸುಮ್ಮನಾಗಿಸಿದ. ಮತ್ತೂ ಟಕ್.

"ಲೇ, ಮೆಷಿನ್ ನಿಲ್ಸು."

ಹೆಂಡತಿ ಎರಡೂ ಕೈ ಮೇಲೆತ್ತಿ ತೋರಿಸಿದಳು. ಮೆಷಿನ್ನಿನಲ್ಲಿ ದಾರವೇ ಇರಲಿಲ್ಲ, ಆಕೆ ಗುಂಡಿ ಹಚ್ಚುತ್ತಿದ್ದಳು.

ಐದಾರು ನಿಮಿಷ ಆಗಿ ನಿಂತಿತು. ಗಿಟಾರಿನ ಹೊಟ್ಟೆಯೊಳಗಿನ ಆಧಾರದ ಪಟ್ಟಿ ಯಾವುದೋ ಸಡಿಲಾಗಿ ಬಡಿಯುತ್ತಿದೆ ಎಂದು ಅವನು ತೀರ್ಮಾನಿಸಿದ. ಕನ್ನಡಿ ತೂರಿಸಿ ನೋಡಿದರೆ ಪಟ್ಟಿಗಳೆಲ್ಲ ಕಚ್ಚಿಕೊಂಡು ಕೂತಿದ್ದವು. ಆದರೂ ತನ್ನ ಹಲ್ಲನ್ನು ನಂಬಿದ. ಬುಧವಾರ ಬೆಳಿಗ್ಗೆ ತೆಳ್ಳನೆಯ ಚಾಕು ಕಾಯಿಸಿ, ನೆಟ್ಟಗಿದ್ದ ಪಟ್ಟಿಯೊಂದನ್ನು ಅಂಟಿನಿಂದ ಎಬ್ಬಿಸಿದ. ಆರೋಗ್ಯವಾಗಿದ್ದವನ ಹೊಟ್ಟೆ ಕೊಯ್ದಂಥ ಕೆಲಸ. ಮಧ್ಯಾಹ್ನ ಮತ್ತೆ ಕಚ್ಚಿದ. ಟಕ್ ಟಕ್ ಹಾಗೇ ಇತ್ತು. ಈಗ ಗಿಟಾರಿನ ಎದೆ ಬೆರಳಿಟ್ಟಲ್ಲಿ ಸಣ್ಣಗೆ ಬಗ್ಗುತ್ತಲೂ ಇತ್ತು.

ಗಿಟಾರನ್ನು ತೆಗೆದು ಹಾಸಿಗೆಯ ಮೇಲಿಟ್ಟ. ಬರೀ ಮೇಜು ಉಳಿಯಿತು. ಯಾಕೆ ಹಾಗೆ ಹೊಳೆಯಿತೋ, ಬಗ್ಗಿ ಮೇಜಿನ ಅಂಚನ್ನೇ ಕಚ್ಚಿದ.

ಮೂರು ಏಟು ಬೇಗ ಬೇಗ, ಸ್ವಲ್ಪ ತಡೆದು ನಾಲ್ಕನೆಯದು. ನಾಲ್ಕನೆಯದು ಹಗುರ, ಹಾಡಿನ ಕೊನೆಯಲ್ಲಿ ಕೈ ಬಿಟ್ಟ ಹಾಗೆ. ಮತ್ತೆ ಮೂರು, ಮತ್ತೆ ಒಂದು.

ಅವನು ಬಾಯಿ ತೆಗೆದು ನೆಟ್ಟಗೆ ನಿಂತ. ಗಡಿಯಾರ ಎರಡು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ಲು ತೊಳೆಯುತ್ತಿದ್ದರು.

ಕಾರ್ಖಾನೆಯ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುತ್ತಿರಲಿಲ್ಲ. ಅದಕ್ಕೇ ಯೂನಿಯನ್ನು ಒಂದು ಏರ್ಪಾಡು ಮಾಡಿತ್ತು. ಯಾರದಾದರೂ ಕೈ ಸಿಕ್ಕಿಕೊಂಡರೆ ಸ್ಪ್ಯಾನರಿನಿಂದ ಗಾಳಿಯ ಕೊಳವೆಗೆ ಬಡಿಯಬೇಕು, ಮೂರು ಮತ್ತು ಒಂದು. ವಾಲ್ವಿನವನು ಕೊಳವೆಗೆ ಹಲ್ಲು ಕೊಟ್ಟೇ ನಿಂತಿರುತ್ತಿದ್ದ. ಸಿಕ್ಕ ತಕ್ಷಣ ವಾಲ್ವ್ ಮುಚ್ಚಿ, ತಿರುಗಿ ಒಂದು ಏಟು ಹೊಡೆಯಬೇಕು: ಮುಚ್ಚಿದೆ. ಆ ಕಡೆಯಿಂದ ಎರಡು ಏಟು ಬರಬೇಕು: ಕೈ ಹೊರಗೆ ಬಂತು. ಆ ಎರಡು ಬರುವವರೆಗೆ ವಾಲ್ವ್ ತೆರೆಯುವಂತಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಗೋ-ಸ್ಲೋ ಹೋರಾಟ ನಡೆದಾಗ, ಕೆಲಸ ನಿಧಾನ ಮಾಡಲು ಆ ಸನ್ನೆಯನ್ನೇ ಸುಳ್ಳಾಗಿ ಬಳಸೋಣ ಎಂದವನು ವಾಲ್ವಣ್ಣ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ವಾರ ಐದು ಸುಳ್ಳು ಸನ್ನೆ, ಐದು ಸಲ ಗಾಳಿ ನಿಂತಿತು, ಮ್ಯಾನೇಜರು ಮೈ ಪರಚಿಕೊಂಡ. ಆರನೆಯದು ಮಧ್ಯಾಹ್ನ ಎರಡಕ್ಕೆ ಎರಡನೇ ಪಾಳಿ ಶುರುವಾಗಿ ಹತ್ತು ನಿಮಿಷಕ್ಕೆ ಬಂತು. ಇವತ್ತಿನ ಲೆಕ್ಕ ಮುಗಿದಿದೆಯಲ್ಲ, ಇದ್ಯಾವನು ಉತ್ಸಾಹಿ ಎಂದುಕೊಂಡು ವಾಲ್ವಣ್ಣ ವಾಲ್ವ್ ಮುಟ್ಟುವ ಮೊದಲು ನಗುತ್ತ ನಿಧಾನವಾಗಿ ಬೀಡಿ ಆರಿಸಿದ. ಪ್ರೆಸ್ಸಿನ ಮೊದಲನೇ ಏಟಿಗೆ ಎಂಟನೇ ನಂಬರಿನವನ ಕೈಗವಸು ಮಾತ್ರ ಸಿಕ್ಕಿತ್ತು. ಪೆಡಲು ಕೆಳಗೇ ಕಚ್ಚಿಕೊಂಡಿದ್ದರಿಂದ ಪ್ರೆಸ್ಸು ಮತ್ತೆ ಇಳಿಯಿತು. ಎಡಗೈಯ ನಾಲ್ಕು ಬೆರಳು. ಗೇಟಿನ ಸಭೆಯಲ್ಲಿ ಗಿಟಾರು ಬಾರಿಸುತ್ತಿದ್ದವನು ಅವನೇ.

ಅವತ್ತು ವಾಲ್ವಣ್ಣ ಕೊನೆಗೂ ವಾಲ್ವ್ ಮುಚ್ಚಿ ಆ ಕಡೆ ಓಡಿದ. ಮುಚ್ಚಿದೆ ಎನ್ನುವ ಆ ಒಂದು ಏಟು ಹೊಡೆಯಲೇ ಇಲ್ಲ. ಆಮೇಲೆ ಹದಿನೇಳು ವರ್ಷ ಇಬ್ಬರೂ ಒಂದೇ ಗೋಡೆಗೆ ತಲೆ ಕೊಟ್ಟು ಮಲಗಿದರು. ಎದುರಾದಾಗ ಗಲ್ಲ ಎತ್ತಿ, "ಹೂಂ?" "ಹೂಂ." ಅಷ್ಟೇ ಮಾತು. ಅವನು ಒಂದು ದಿನ ಬೈದಿದ್ದರೆ ವಾಲ್ವಣ್ಣನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವನು ಆ ಉಪಕಾರ ಮಾಡಲಿಲ್ಲ.

"ಏನಾಯ್ತು ನಿಮಗೆ? ಮುಖ ಸುಣ್ಣ ಬಳಿದ ಹಾಗಿದೆ," ಅಂದಳು ಹೆಂಡತಿ.

"ಇಲ್ಲಿ ಬಾ. ಇದನ್ನ ಕಚ್ಚು."

"ಮೇಜನ್ನಾ? ಅಡಿಗೆ ಅಷ್ಟು ಕೆಟ್ಟಿತ್ತಾ?"

"ಕಚ್ಚೇ ಮಾರಾಯ್ತಿ."

ಅವಳು ನಗುತ್ತಲೇ ಬಗ್ಗಿ ಕಚ್ಚಿದಳು. ನಗು ಅಲ್ಲೇ ನಿಂತಿತು. ಮೇಲೆದ್ದು ಗೋಡೆಗೆ ಕಿವಿ ಹಚ್ಚಿದಳು. ಅವಳ ಕಿವಿ ಪಾತ್ರೆಯೊಳಗೆ ಇರುವೆ ನಡೆದರೂ ಹಿಡಿಯುವಂಥದು. ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಕಚ್ಚಿದಳು. ಇದೆ ಎಂದು ತಲೆಯಾಡಿಸಿದಳು.

ಗುರುವಾರ ಎರಡಕ್ಕೆ ಐದು ನಿಮಿಷವಿರುವಾಗ ಹೆಂಡತಿ ಗಡಿಯಾರದ ಪಕ್ಕದ ಬೀಗದ ಕೈ ತೆಗೆದುಕೊಂಡಳು. "ಇಲಿ ಇರಬಹುದು," ಅಂದಳು.

"ಇಲಿಗೆ ಎಣಿಸೋಕೆ ಬರುತ್ತಾ?"

ಮನೆಯನ್ನು ಸುತ್ತಿಕೊಂಡು ಹಿಂದಿನ ಬೀದಿಗೆ ಹೋದರು. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತಿರುಗಿಸಬೇಕಾಯಿತು. ಒಳಗೆ ನೆಲದ ಮೇಲೆ ಬೆರಳು ದಪ್ಪ ಧೂಳು, ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ, ಇಲಿಯದೂ ಇರಲಿಲ್ಲ. ಮಂಚ, ಮಡಚಿಟ್ಟ ಕಂಬಳಿ, ಬೋರಲು ಹಾಕಿದ ಲೋಟ. ಒಳಕೋಣೆಯ ಗೋಡೆಯಲ್ಲಿ, ಸರಿಯಾಗಿ ವಾಲ್ವಣ್ಣನ ಮೇಜಿನ ಬೆನ್ನಿಗೆ, ಕುರ್ಚಿಯಲ್ಲಿ ಕೂತವನ ಬಾಯಿಯ ಎತ್ತರಕ್ಕೆ ಒಂದು ಮರದ ಪಟ್ಟಿ ಬಡಿದಿತ್ತು. ಪಕ್ಕದ ಮೊಳೆಯಲ್ಲಿ ಸ್ಪ್ಯಾನರು. ಅದರ ಕೆಳಗೆ ಗಾರೆ ಕಿತ್ತುಹೋಗಿ, ಇಟ್ಟಿಗೆಯಲ್ಲಿ ಅಂಗೈಯಗಲ ಗುಳಿ ಬಿದ್ದಿತ್ತು.

ಹೆಂಡತಿ ಪಟ್ಟಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಮರದ ಅಂಚಿನ ತುಂಬ ಹಲ್ಲಿನ ಗುರುತು. ಒಂದರ ಮೇಲೊಂದು ಬಿದ್ದು, ನಡುವೆ ಮರ ಬಟ್ಟಲಿನ ಹಾಗೆ ಸವೆದಿತ್ತು.

"ದಿನಾ ಮಧ್ಯಾಹ್ನ ಟಕ್ ಟಕ್ ಅಂತಿತ್ತು ರೀ," ಅಂದಳು ನಿಧಾನವಾಗಿ. "ಅವನು ಬದುಕಿದ್ದಾಗ. ನನ್ನ ಕಿವಿಗೇ ಕೇಳಿಸ್ತಿತ್ತು. ಒಂಟಿ ಗಂಡಸು, ಏನೋ ಮೊಳೆ ಹೊಡೀತಾನೆ ಅಂದ್ಕೊಂಡೆ."

"ನನಗೆ ಯಾಕೆ ಹೇಳಲಿಲ್ಲ?"

"ಮೊಳೆ ಹೊಡೆಯೋದನ್ನ ಏನಂತ ಹೇಳಲಿ?"

ಬಡಿದು, ಹಲ್ಲು ಕೊಟ್ಟು ಕಾದಿದ್ದಾನೆ. ಬಡಿದು, ಕಾದು. ಹದಿನೇಳು ವರ್ಷ. ಈಚೆ ಬದಿಯ ಕಿವುಡ ಗೋಡೆಗೆ ಕ್ಯಾಲೆಂಡರು ನೇತುಹಾಕಿಕೊಂಡು ಅನ್ನ ಉಣ್ಣುತ್ತಿದ್ದ.

ವಾಲ್ವಣ್ಣ ಮಂಡಿಯೂರಿ ಆ ಪಟ್ಟಿಗೆ ಹಲ್ಲು ಕೊಟ್ಟ. ಸತ್ತವನ ಹಲ್ಲಿನ ಗುರುತಿನಲ್ಲಿ ಅವನ ಹಲ್ಲು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಕಣ್ಣೆದುರು ಸ್ಪ್ಯಾನರು ನೇತಾಡುತ್ತಿತ್ತು. ಅದರ ಮೇಲಿನ ಧೂಳು ಮಿಸುಕಲಿಲ್ಲ. ಎರಡು ಹತ್ತಾಯಿತು. ಮೂರು, ಮತ್ತು ಒಂದು.

ಅವನು ಎದ್ದ. "ನೀನು ಇದನ್ನ ಕಚ್ಚಿಕೊಂಡಿರು, ಬಿಡಬೇಡ," ಎಂದು ಹೆಂಡತಿಯನ್ನು ಕೂರಿಸಿ ಹೊರಗೆ ಓಡಿದ. ಚಪ್ಪಲಿ ಅಲ್ಲೇ ಉಳಿಯಿತು. ಬೀದಿಯ ಕಲ್ಲು ಕಾದು ಕೆಂಡವಾಗಿತ್ತು. ಮೂಲೆ ತಿರುಗುವಾಗ, ಆ ಐದಾರು ನಿಮಿಷ ಆಗಿಹೋಗಿದ್ದರೆ, ನಿಂತುಹೋಗಿದ್ದರೆ ಎಂಬುದೊಂದೇ ತಲೆಯಲ್ಲಿತ್ತು. ಮನೆಗೆ ನುಗ್ಗಿ ಮೇಜಿನ ಅಂಚು ಕಚ್ಚಿದ. ಇನ್ನೂ ಬಡಿಯುತ್ತಿತ್ತು. ಮೊಳೆಯಿಂದ ದೊಡ್ಡ ಸ್ಪ್ಯಾನರು ಕಿತ್ತು, ಗೋಡೆಗೆ ಬಿಗಿದ ಬೋಲ್ಟಿನ ತಲೆಗೆ ಒಂದೇ ಒಂದು ಏಟು ಹೊಡೆದ. ಅರಗಳೆಲ್ಲ ಮೊಳೆಯಲ್ಲಿ ಅದುರಿದವು.

ಹೆಂಡತಿ ಬರುವಾಗ ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಂದಳು. ತುಟಿಯ ಮೇಲೆ ಧೂಳಿತ್ತು.

"ನಿಂತಿತು," ಅಂದಳು. "ನೀವು ಹೊಡೆದ ಏಟು ಬಂತು. ಆಮೇಲೆ ಏನೂ ಇಲ್ಲ."

"ಎರಡು ಬರಲಿಲ್ಲವಾ?"

"ಯಾವ ಎರಡು?"

ಅವನು ಹೇಳಿದ, ಸುಳ್ಳು ಸನ್ನೆಯಿಂದ ಹಿಡಿದು ಬೀಡಿಯವರೆಗೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವಳು ಕೇಳಿ, ಬಾಯಿ ತೊಳೆದುಕೊಂಡು ಬಂದು, "ಮೊದಲು ಗಿಟಾರು ನೋಡಿ," ಅಂದಳು.

ಸದ್ದಿಲ್ಲದ ಮೇಜಿನ ಮೇಲೆ ಗಿಟಾರಿನ ಕಾಯಿಲೆ ಹತ್ತು ನಿಮಿಷದಲ್ಲಿ ಸಿಕ್ಕಿತು. ತಂತಿ ಬಿಗಿಯುವ ಬಿರಡೆಯೊಂದರ ವಾಷರು ಸಡಿಲಾಗಿ ಗೊರ್ ಅನ್ನುತ್ತಿತ್ತು, ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ತಾನೇ ಕಿತ್ತ ಪಟ್ಟಿಯನ್ನು ಹೊಸ ಅಂಟು ಹಾಕಿ, ಒಳಗಿಂದ ಗೂಟ ಕೊಟ್ಟು ಒತ್ತಿ ರಾತ್ರಿಯಿಡೀ ಬಿಟ್ಟ. ಶುಕ್ರವಾರ ಸಂಜೆ ಟೀಚರಮ್ಮ ಕೂತು ಬಾರಿಸಿ ನೋಡಿ, ತಲೆ ಓಲಾಡಿಸಿದಳು. ಪಟ್ಟಿ ಕಿತ್ತ ತಪ್ಪನ್ನು ವಾಲ್ವಣ್ಣ ಮುಚ್ಚಿಡಲಿಲ್ಲ. ಆಕೆ ಕನ್ನಡಿ ಹಾಕಿ ತಾನೇ ನೋಡಿ, "ಹೇಳದಿದ್ರೆ ಗೊತ್ತೇ ಆಗ್ತಿರಲಿಲ್ಲವಲ್ಲ," ಅಂದಳು. ಸೋಮವಾರ ಹನ್ನೊಂದು ಗಿಟಾರೂ ಆಟೋದಲ್ಲಿ ಬಂದವು.

ಮೇಜನ್ನು ಗೋಡೆಯಿಂದ ಬಿಚ್ಚಿ ನೆಲಕ್ಕೆ ಬಿಗಿಯುವುದು ಸರಿಯಾದ ಕೆಲಸ. ಕಸುಬು ಬಲ್ಲ ಯಾರಾದರೂ ಅದನ್ನೇ ಹೇಳುತ್ತಾರೆ. ಅವನು ಬಿಚ್ಚಲಿಲ್ಲ. ಈಗಲೂ ಎರಡು ಹತ್ತಕ್ಕೆ ಹೆಂಡತಿ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆಯುತ್ತಾಳೆ. ವಾಲ್ವಣ್ಣ ಅರ ಕೆಳಗಿಟ್ಟು, ಬಗ್ಗಿ, ಮೇಜಿನ ಅಂಚು ಕಚ್ಚಿ ನಿಲ್ಲುತ್ತಾನೆ. ಅಲ್ಲಿ ಮರ ಸ್ವಲ್ಪ ಸವೆಯಲು ಶುರುವಾಗಿದೆ.

"ಎರಡು ಬಂತಾ?" ಅನ್ನುತ್ತಾಳೆ, ತುಟಿ ಕಾಣುವ ಹಾಗೆ.

"ಇಲ್ಲ."

ಅವಳು ಪೆಡಲು ಒತ್ತುತ್ತಾಳೆ.