ಕಾರ್ಖಾನೆ ಗೋಡೆ ಪಕ್ಕದ ಗುರಿದಿಬ್ಬ

ಹಾರೋಹಳ್ಳಿಯ ಹತ್ತಿರದ ಚಿಕ್ಕಬಂಡೆದೊಡ್ಡಿಯಲ್ಲಿ ರೇಷ್ಮೆಹುಳು ಸಾಕುವುದರಲ್ಲಿ ಅನಂತರಾಜುವಿನದು ಎತ್ತಿದ ಕೈ. ಅವನ ಮನೆಯ ಗೂಡು ರಾಮನಗರದ ಮಾರುಕಟ್ಟೆಗೆ ಬಂತೆಂದರೆ ನೂಲು ತೆಗೆಯುವ ರೀಲರುಗಳು ಒಂದೆರಡನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ತಲೆದೂಗಿ ಮುಂದೆ ಹೋಗುತ್ತಿದ್ದರು. ಹುಳು ಸಾಕುವವರಿಗೆ ಬರುವ ಒಂದು ಗುಣ ಅವನಿಗೂ ಬಂದಿತ್ತು. ಮೆತ್ತಗೆ ನಡೆಯುತ್ತಿದ್ದ, ಮೆತ್ತಗೆ ಮಾತಾಡುತ್ತಿದ್ದ. ಬೀಡಿ ಸೇದುವವರು ಬಂದರೆ, ಹುಳುವಿಗೆ ಹೊಗೆ ಆಗದೆಂದು, ಜಗಲಿಯಿಂದಲೇ ಮಾತಾಡಿಸಿ ಕಳಿಸುತ್ತಿದ್ದ. ಅಂಥ ಮನುಷ್ಯ ಐವತ್ತು ದಾಟಿದ ಮೇಲೆ, ಎರಡು ಸಾವಿರದ ಏಳನೇ ಇಸವಿಯಲ್ಲಿ, ತನ್ನ ಹೊಲದಲ್ಲಿ ಬಂದೂಕಿನಿಂದ ಗುರಿ ಹೊಡೆಯುವ ಜಾಗ ಕಟ್ಟಲು ನಿಂತಾಗ ಊರಿನವರಿಗೆ ಏನೆನ್ನಬೇಕೋ ತಿಳಿಯಲಿಲ್ಲ.

ಹೊಲ ಅನ್ನುವಂಥದ್ದೇನೂ ಅದು ಆಗ ಉಳಿದಿರಲಿಲ್ಲ. ಮೂರು ವರ್ಷದ ಹಿಂದೆ ಕೈಗಾರಿಕಾ ಪ್ರದೇಶ ಇತ್ತ ಕಡೆಗೂ ಚಾಚಿಕೊಂಡಿತ್ತು. ಅನಂತರಾಜುವಿನ ಹಿಪ್ಪುನೇರಳೆ ತೋಟ ಪೂರ್ತಿ ಹೋಯಿತು. ಅದು ಹೋದ ಮೇಲೆ ಹುಳುವಿನ ಮನೆಗೆ ಬೀಗ ಬಿತ್ತು. ತೋಟ ಇದ್ದ ಕಡೆ ಎದ್ದು ನಿಂತ ಕಾರ್ಖಾನೆಯ ಗೋಡೆಗೆ ತಾಗಿಕೊಂಡು, ಹಿಂದಿನ ಕರಿಬಂಡೆಯವರೆಗೆ ಹೋಗುವ ಒಂದು ಉದ್ದನೆಯ ಪಟ್ಟಿ ಮಾತ್ರ ಅವನ ಪಾಲಿಗೆ ಉಳಿಯಿತು. ಅಡ್ಡಕ್ಕೆ ಎತ್ತಿನ ಗಾಡಿ ತಿರುಗಿಸಲೂ ಆಗದಷ್ಟು ಸಣ್ಣದು. ಮಧ್ಯಾಹ್ನವಾದರೆ ಗೋಡೆಯ ನೆರಳು. ರಾಗಿ ಹಾಕಿ ನೋಡಿದ, ಬರಲಿಲ್ಲ. ಹುರುಳಿ ಚೆಲ್ಲಿದ, ಅದನ್ನು ಕಾರ್ಖಾನೆಗೆ ಕಲ್ಲು ತರುತ್ತಿದ್ದ ಲಾರಿಗಳು ತುಳಿದವು.

ತೋಟ ಹೋದದ್ದಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದ ಸಂಗತಿ ಬೇರೆ ಇತ್ತು. ಅಳತೆಯವರು ಸರಪಳಿ ಹಿಡಿದು ಬಂದ ದಿನ ಅವನು ಊರಲ್ಲಿರಲಿಲ್ಲ. ಹೆಂಡತಿ ರಾಧಾಮಣಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತು. ಅಳತೆಯವರ ಜೊತೆ ನಿಂತವನು ತಮ್ಮ ಅಶ್ವಥ್. ಗೆರೆ ಎಳೆದು ಮುಗಿದಾಗ ಅಶ್ವಥನ ತೆಂಗಿನ ತೋಟ ಗೆರೆಯ ಈಚೆ ಉಳಿದಿತ್ತು, ಅಣ್ಣನ ಹಿಪ್ಪುನೇರಳೆ ಆಚೆ ಹೋಗಿತ್ತು. “ನಾನೇನ್ ಮಾಡ್ಲಣ್ಣ, ಅವ್ರು ನಕ್ಷೆ ಇಟ್ಕಂಡೇ ಬಂದಿದ್ರು” ಎಂದ ಅಶ್ವಥ್. ಅನಂತರಾಜು ಆ ಮಾತನ್ನು ನಂಬಲಿಲ್ಲ, ನಂಬಲಿಲ್ಲವೆಂದು ಹೇಳಲೂ ಇಲ್ಲ. ಮಾತು ನಿಂತುಹೋಯಿತು. ಎರಡು ಮನೆಗಳಿಗೂ ನಡುವೆ ಇದ್ದದ್ದು ಒಂದು ಕೊಟ್ಟಿಗೆ ಅಷ್ಟೆ. ಅವರ ತಾಯಿ ಮುನಿಯಮ್ಮ ಅಶ್ವಥನ ಮನೆಯಲ್ಲಿದ್ದಳು. ಬೆಳಗಿನ ಕಾಫಿ ಅಲ್ಲಿ, ಸಂಜೆಯದು ಇಲ್ಲಿ ಎಂದು ಓಡಾಡುತ್ತ ಅವಳೇ ಎರಡೂ ಕಡೆಯ ಸುದ್ದಿ ಮುಟ್ಟಿಸುತ್ತಿದ್ದಳು.

ಒಂದು ದಿನ ಅನಂತರಾಜು ಆ ಪಟ್ಟಿಯ ಈ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಇನ್ನೊಂದು ಕಾರ್ಖಾನೆಗೆ ಜೆಸಿಬಿ ಪಾಯ ತೋಡುತ್ತಿತ್ತು. ಮಣ್ಣು ತುಂಬಿದ ಟಿಪ್ಪರು ಎಲ್ಲಿ ಸುರಿಯಲಿ ಎಂದು ಹಿಂದೆ ಮುಂದೆ ಆಡುತ್ತಿತ್ತು. ಆ ತುದಿಗೆ ಬಂಡೆ, ಪಕ್ಕಕ್ಕೆ ಗೋಡೆ, ನೇರವಾಗಿ ಓಡುವ ಬರಿ ನೆಲ. ನೋಡುತ್ತ ನೋಡುತ್ತ ಅವನಿಗೆ ಮೂವತ್ತು ವರ್ಷಕ್ಕೂ ಹಿಂದಿನ ಒಂದು ಬೆಳಿಗ್ಗೆ ಕಣ್ಣ ಮುಂದೆ ಬಂತು. ಕನಕಪುರದಲ್ಲಿ ಪಿಯುಸಿ ಓದುವಾಗ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದ. ನೆಲದ ಮೇಲೆ ಮಲಗಿಸಿ, ಕೈಗೆ ರೈಫಲ್ ಕೊಟ್ಟು, ಹವಾಲ್ದಾರ್ ಕಿವಿಯ ಹತ್ತಿರ ಬಾಗಿ “ಉಸಿರು ಬಿಡು. ಅರ್ಧಕ್ಕೆ ನಿಲ್ಲಿಸು. ಈಗ” ಎಂದಿದ್ದರು. ಐದು ಗುಂಡು. ಐದೂ ಕರಿ ವೃತ್ತದೊಳಗೆ ಬಿದ್ದಿದ್ದವು. ಹವಾಲ್ದಾರರು ಬೆನ್ನು ತಟ್ಟಿ, ಮುಂದಿನ ಕ್ಯಾಂಪಿಗೂ ಬಾ ಅಂದಿದ್ದರು. ಮುಂದಿನ ಕ್ಯಾಂಪಿನ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದ. ಅನಂತರಾಜು ಕಾಲೇಜು ಬಿಟ್ಟು ಗುದ್ದಲಿ ಹಿಡಿದ. ಆ ಬೆಳಗಿನ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ ಅನ್ನಿಸಿತ್ತು.

ಎದ್ದು ಹೋಗಿ ಟಿಪ್ಪರಿನ ಡ್ರೈವರನ್ನು ಕೂಗಿದ. “ಆ ಮಣ್ಣ ಬಂಡೆ ಬುಡಕ್ಕೆ ಸುರಿಯಪ್ಪ.”

ಅಂದು ಸುರಿದ ಮಣ್ಣೇ ಗುರಿದಿಬ್ಬವಾಯಿತು. ಬಂಡೆಗೆ ತಾಗಿದ ಗುಂಡು ವಾಪಸ್ ಚಿಮ್ಮುತ್ತದೆ, ಮಣ್ಣಾದರೆ ನುಂಗಿಕೊಳ್ಳುತ್ತದೆ ಅನ್ನುವುದು ಕ್ಯಾಂಪಿನಲ್ಲಿ ಕಲಿತದ್ದು, ಮರೆತಿರಲಿಲ್ಲ. ದಿಬ್ಬವನ್ನು ಆಳೆತ್ತರಕ್ಕೂ ಮೀರಿ ಏರಿಸಿ, ನೀರು ಹಾಕಿ ತುಳಿದು ಗಟ್ಟಿ ಮಾಡಿದ. ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಎರಡೂ ಪಕ್ಕಕ್ಕೆ ಒಟ್ಟಿದ. ದನ, ಮಕ್ಕಳು ನುಗ್ಗದಂತೆ ಜಾಲಿಮುಳ್ಳಿನ ಬೇಲಿ ಹಾಕಿದ. ಬೀಗ ಹಾಕಿದ್ದ ಹುಳುವಿನ ಮನೆ ತೆಗೆದು, ಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಂಕಿಗಳಲ್ಲಿ ಒಂದನ್ನು ಹೊತ್ತು ತಂದು ದಿಬ್ಬಕ್ಕೆ ಒರಗಿಸಿ ಅದಕ್ಕೆ ಗುರಿಯ ಕಾಗದ ಅಂಟಿಸಿದ. ನಿಲ್ಲುವ ಕಡೆ ನಾಲ್ಕು ಕಂಬ ನೆಟ್ಟು ತೆಂಗಿನ ಗರಿ ಹೊದಿಸಿ, ಕೂರಲು ಎರಡು ಮರಳಿನ ಚೀಲ ಹಾಕಿದ. ಬೆಂಗಳೂರಿಗೆ ಹೋಗಿ ಏರ್‌ರೈಫಲ್ ತಂದ. ಸಣ್ಣ ಸೀಸದ ಗುಂಡು ಹಾರಿಸುವ ಅಂಥದ್ದಕ್ಕೆ ಆಗ ಲೈಸೆನ್ಸ್ ಬೇಕಿರಲಿಲ್ಲ.

ರಾಧಾಮಣಿ ಚೀಲದ ಬಾಯಿ ಹೊಲಿದುಕೊಟ್ಟಳು. ಮೂರನೆಯ ದಿನ ದಬ್ಬಳ ಕೆಳಗಿಟ್ಟು ಕೇಳಿದಳು. “ಹಂದಿ ಕಾಯಕ್ಕಾ?”

“ಹಂದಿ ತಿನ್ನಕ್ಕೆ ಬೆಳೆ ಎಲ್ಲೈತೆ?”

“ಮತ್ಯಾಕ್ರೀ?”

“ನಂಗೆ ಇಷ್ಟ ಕಣೆ” ಎಂದ ಅನಂತರಾಜು. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ಗಂಡನ ಬಾಯಲ್ಲಿ ಆ ಮಾತು ಕೇಳಿದ ನೆನಪು ರಾಧಾಮಣಿಗೆ ಇರಲಿಲ್ಲ. ಅವಳು ಮತ್ತೆ ದಬ್ಬಳ ತೆಗೆದುಕೊಂಡಳು.

ಊರಿಗೆ ಆ ಉತ್ತರ ಸಾಲಲಿಲ್ಲ. ರಿಸಾರ್ಟ್ ಮಾಡುತ್ತಾನಂತೆ ಅಂದರು. ಕಾರ್ಖಾನೆಯವರಿಗೆ ಗನ್‌ಮ್ಯಾನ್ ಆಗುತ್ತಾನಂತೆ ಅಂದರು. ಕೊನೆಗೆ ಹಾಲಿನ ಡೈರಿಯ ಮುಂದೆ ಕ್ಯಾನು ತೊಳೆಯುತ್ತ ಬೈರಪ್ಪ ಅಂದ ಮಾತೇ ಎಲ್ಲರಿಗೂ ಸರಿ ಅನ್ನಿಸಿತು. “ಗುಂಡು ಯಾರಿಗೆ ಅಂತ ಕೇಳ್ತೀರಲ್ರಪ್ಪ. ಅವನ್ ತೋಟ ಕಳ್ದಾಕಿದ್ದು ಯಾರು? ಮೂರು ವರ್ಸದಿಂದ ಮಾತು ಬುಟ್ಟಿರೋದು ಯಾರ ಜೊತೆ? ಒಸಿ ಯೋಚ್ನೆ ಮಾಡ್ರಲಾ.”

ಬೈರಪ್ಪ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ ಅನ್ನುವುದು ಅನಂತರಾಜುವಿಗೆ ಮಾತ್ರ ಗೊತ್ತಿತ್ತು.

ಮೊದಲ ದಿನ ಅವನು ರೈಫಲನ್ನು ಭುಜಕ್ಕೆ ಒತ್ತಿ ಕಣ್ಣು ಕಿರಿದು ಮಾಡಿದಾಗ ಕಾಗದದ ಕರಿ ವೃತ್ತ ಮಸುಕಾಗಿ ಕಂಡಿತು. ವಯಸ್ಸಾದ ಕಣ್ಣು. ನಳಿಕೆಯ ತುದಿ ನೋಡಿದರೆ ವೃತ್ತ ಕಲಸಿಹೋಗುತ್ತಿತ್ತು, ವೃತ್ತ ನೋಡಿದರೆ ತುದಿ ಕಾಣುತ್ತಿರಲಿಲ್ಲ. ಆ ಮಸುಕಿನೊಳಗಿಂದ ಅಶ್ವಥನ ಮುಖ ಎದ್ದು ಬಂತು. ಅಳತೆಯವರ ಪಕ್ಕ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತ ಅಶ್ವಥ್. ಅವನು ನಿಂತದ್ದನ್ನು ಅನಂತರಾಜು ಕಂಡವನೇ ಅಲ್ಲ. ಆದರೂ ಟವೆಲ್ಲಿನ ಅಂಚಿನ ಬಣ್ಣದ ಸಮೇತ ಕಂಡಿತು. ಬಂದೂಕಿನ ಕುದುರೆ ಎಳೆದ. ಗುಂಡು ಕಾಗದಕ್ಕೇ ತಾಗಲಿಲ್ಲ, ಚಂದ್ರಂಕಿಯ ಮೇಲಿಂದ ಹಾದು ಮಣ್ಣಿಗೆ ಹೋಯಿತು. ಮತ್ತೆ ಹೊಡೆದ, ಮತ್ತೆ ಅಲ್ಲಿಗೇ. ಒಂದು ಡಬ್ಬಿ ಗುಂಡು ಹೀಗೇ ಮುಗಿಸಿ, ಮರಳಿನ ಚೀಲದ ಮೇಲೆ ಕೂತ. ನಾನು ಏನು ಮಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ರೈಫಲನ್ನು ಹುಳುವಿನ ಮನೆಯಲ್ಲಿಟ್ಟು ಬೀಗ ಹಾಕಿ, ಒಂದು ವಾರ ಆ ಕಡೆ ಹೋಗಲಿಲ್ಲ.

ಆಮೇಲೆ ಹೋದ. ಸಿಟ್ಟು ಬಂದ ದಿನ ಬರಿ ನಿಂತು ಉಸಿರು ಬಿಡುವುದನ್ನಷ್ಟೇ ಮಾಡಿದ. ಸಿಟ್ಟು ಇರುವಷ್ಟು ಹೊತ್ತೂ ನಳಿಕೆಯ ತುದಿ ಅಲ್ಲಾಡುತ್ತಲೇ ಇರುತ್ತಿತ್ತು. ಎಷ್ಟು ಬಿಗಿಯಾಗಿ ಹಿಡಿದರೆ ಅಷ್ಟು ಹೆಚ್ಚು. ಹುಳುವಿಗೆ ಸೊಪ್ಪು ಹಾಕುವಾಗ ಇದ್ದ ಕೈಯ ಹದ ನೆನಪಾಗಿ ಹಿಡಿತ ಸಡಿಲ ಬಿಟ್ಟ. ತಿಂಗಳು ಎರಡು ತಿಂಗಳಿಗೆ ಗುಂಡುಗಳು ಕಾಗದದ ಒಳಗೆ ಬೀಳತೊಡಗಿದವು. ಕಾರ್ಖಾನೆಯ ಸೈರನ್ ಕೂಗಿ ಬೆಳಗಿನ ಪಾಳಿಯವರು ಒಳಗೆ ಹೋಗುವಷ್ಟರಲ್ಲಿ ಅವನ ಅಭ್ಯಾಸ ಮುಗಿದಿರುತ್ತಿತ್ತು.

ಅಷ್ಟರಲ್ಲಿ, ಬೈರಪ್ಪನ ಮಾತು ಕಿವಿಗೆ ಬಿದ್ದು, ಅಶ್ವಥ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟ.

ಸಬ್ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ಇನ್ನೂ ಮೂವತ್ತು ತುಂಬದ ಹುಡುಗ. ದಿಬ್ಬವನ್ನು ಬೂಟಿನಲ್ಲಿ ಒದ್ದು ನೋಡಿದರು, ಬೇಲಿಯ ಸುತ್ತ ನಡೆದರು, ರೈಫಲ್ ಎತ್ತಿ ಎರಡು ಗುಂಡು ಹಾರಿಸಿ ಎರಡನ್ನೂ ತಪ್ಪಿದರು. ನಕ್ಕು ರೈಫಲ್ ವಾಪಸ್ ಕೊಟ್ಟರು. “ಗೌಡ್ರೇ, ಕಾನೂನಲ್ಲಿ ಇದಕ್ಕೆ ತೊಂದ್ರೆ ಇಲ್ಲ. ಹೊಡೆಯುವಾಗ ಒಂದು ಕೆಂಪು ಬಾವುಟ ಕಟ್ಟಿ, ಜನಕ್ಕೆ ಗೊತ್ತಾಗಲಿ. ಆದ್ರೆ ನಿಮ್ ತಮ್ಮ ಠಾಣೆಲಿ ಕೂತು ನಡುಗ್ತಾ ಇದ್ದ. ಅದನ್ನ ನೀವೇ ಸರಿ ಮಾಡ್ಕೋಬೇಕು.”

ನಡುಗುತ್ತಿದ್ದ ಅನ್ನುವ ಮಾತು ಅನಂತರಾಜುವಿನ ಎದೆಗೆ ನಾಟಿತು. ಅಶ್ವಥ್ ಸೊಕ್ಕಿನಿಂದ ದೂರು ಕೊಟ್ಟಿದ್ದಾನೆ ಅಂದುಕೊಂಡು ಸಿಟ್ಟು ಮಾಡಿಕೊಳ್ಳಲು ಅವನು ಸಿದ್ಧನಾಗಿದ್ದ. ಹೆದರಿಕೆ ಅಂದಾಗ ಏನು ಮಾಡಬೇಕೋ ತೋಚಲಿಲ್ಲ. ಚಿಕ್ಕಂದಿನಲ್ಲಿ ಗುಡುಗಿದರೆ ಓಡಿ ಬಂದು ತನ್ನ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದವನು ಅವನು.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಕೋಲು ಕುಟ್ಟಿದ ಸದ್ದಾಯಿತು. ಮುನಿಯಮ್ಮ. ಮಂಡಿನೋವಿನವಳು ಅಷ್ಟು ದೂರ ಒಬ್ಬಳೇ ನಡೆದು ಬಂದಿದ್ದಳು. ಅನಂತರಾಜು ಓಡಿಹೋಗಿ ಮುಳ್ಳು ಸರಿಸಿ ಕೈ ಹಿಡಿದು ಒಳಗೆ ಕರೆತಂದ. ಮರಳಿನ ಚೀಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ದಿಬ್ಬವನ್ನೂ ಕಾಗದವನ್ನೂ ನೋಡಿದಳು.

“ನನ್ ಮಗನ್ನ ಹೊಡೀತೀಯಂತಲ್ಲೋ?”

ಇಲ್ಲ ಅನ್ನುವುದಕ್ಕೆ ಅವನು ಬಾಯಿ ತೆರೆದ. ಆ ಒಂದು ಮಾತು ಹೊರಗೆ ಬರಲಿಲ್ಲ. ಮುನಿಯಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಹೆತ್ತವಳಿಗೆ ಆ ತಡವರಿಕೆ ಸಾಕಾಗಿತ್ತು.

“ಇತ್ತಾ ಮನ್ಸಲ್ಲಿ?”

“ಮೊದ್ಲು ಇತ್ತವ್ವ. ಹೊಡ್ಯೋ ಮನ್ಸಲ್ಲ. ಆದ್ರೆ ಅವನ್ ಮಖ ಬತ್ತಿತ್ತು ಕಣ್ಮುಂದೆ.”

“ಈಗ?”

“ಈಗ ಬರಕಿಲ್ಲ.”

ಮುನಿಯಮ್ಮ ಕೋಲು ಕೈಗೆತ್ತಿಕೊಂಡಳು. ಗೋಡೆಯಾಚೆ ಯಂತ್ರ ಶುರುವಾಗಿ ನೆಲ ಸಣ್ಣಗೆ ಅದುರಿತು. “ನಂಗೆ ಹೇಳಿ ಏನ್ ಬಂತು? ನಾನು ಎರಡು ಮನೆಗೂ ಸುದ್ದಿ ಹೊತ್ತು ಹೊತ್ತು ಸಾಕಾಗೋಯ್ತು. ಇದ್ನ ನೀನೇ ಹೋಗಿ ಹೇಳು” ಎಂದು ಎದ್ದಳು.

ಅನಂತರಾಜು ಅವಳ ಜೊತೆಯಲ್ಲೇ ಹೋದ. ಅಶ್ವಥ್ ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತಿದ್ದ. ಅಣ್ಣನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು ಹಸುವಿನ ಆಚೆ ನಿಂತ. ಅನಂತರಾಜು ಎರಡೂ ಕೈ ಬಿಚ್ಚಿ ತೋರಿಸಿದ. ತೋರಿಸಿದ ಮೇಲೆ ತಾನು ಏನು ಮಾಡಿದೆ ಎಂದು ಅರಿವಾಗಿ ಅವನಿಗೇ ನಾಚಿಕೆಯಾಯಿತು. ಅಣ್ಣ ತಮ್ಮನ ಮುಂದೆ ಬರಿಗೈ ತೋರಿಸಿ ನಿಲ್ಲುವಂತಾಯಿತಲ್ಲ.

“ಲೇ ಅಶ್ವಥ, ಬೈರಪ್ಪ ಹೇಳಿದ್ದು ಪೂರಾ ಸುಳ್ಳಲ್ಲ ಕಣ್ಲಾ. ಮೊದಲ್ನೇ ದಿನ ನಿನ್ ಮಖಾನೇ ಕಂಡಿದ್ದು. ಒಂದು ಗುಂಡೂ ತಾಗ್ಲಿಲ್ಲ, ಅದೂ ನಿಜ. ಅದಾದ್ ಮ್ಯಾಕೆ ಅಂಗೆ ಹೊಡೀಬಾರ್ದು ಅಂತ ಬುಟ್ಬುಟ್ಟೆ. ಇನ್ನೊಬ್ರು ಹೇಳೋದ್ಕಿಂತ ನಾನೇ ಹೇಳಾನ ಅಂತ ಬಂದೆ.”

ಅಶ್ವಥನ ಕೈಯಲ್ಲಿದ್ದ ಹುಲ್ಲಿನ ಸಿಂಬೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಸು ತಿರುಗಿ ಅವನನ್ನು ಮೂಸಿತು.

“ನಾನು ಅಳತೆಯವ್ರಿಗೆ ನಿನ್ ತೋಟ ತೋರುಸ್ಲಿಲ್ಲಣ್ಣ. ಅವ್ವನ ಆಣೆಗೂ ತೋರುಸ್ಲಿಲ್ಲ” ಎಂದ. ಆಮೇಲೆ ದನಿ ತಗ್ಗಿಸಿದ. “ಆದ್ರೆ ಗೆರೆ ನಿನ್ ತೋಟದ್ ಮ್ಯಾಲೆ ಹೋಗೋದು ಕಂಡಾಗ ಸುಮ್ನಿದ್ದೆ. ನಮ್ಮಣ್ಣ ಆಸ್ಪತ್ರೇಲವ್ನೆ, ಬರೋಗಂಟ ನಿಲ್ಸಿ ಸಾರ್ ಅನ್ಬೌದಿತ್ತು. ಅನ್ಲಿಲ್ಲ. ನನ್ ತೆಂಗು ಉಳ್ಕಂತಲ್ಲ ಅಂತ ಸುಮ್ನಾಗ್ಬುಟ್ಟೆ.”

ಅನಂತರಾಜು ಗೋಡೆಗೆ ಒರಗಿದ. ಮೂರು ವರ್ಷ ಅವನು ಕಾದದ್ದು ಇಂಥದೊಂದು ಮಾತಿಗೆ. ಬಂದಾಗ ಅದು ಗೆದ್ದಂತೆ ಅನ್ನಿಸಲಿಲ್ಲ. ನಿಲ್ಲಿಸಿ ಅಂದಿದ್ದರೆ ಅವರು ನಿಲ್ಲಿಸುತ್ತಿದ್ದರೇ? ನಿಲ್ಲಿಸುತ್ತಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಅದನ್ನು ಹೇಳಿ ತಮ್ಮನ ಭಾರ ಇಳಿಸಬಹುದಿತ್ತು. ಅವತ್ತು ಅಷ್ಟು ದೊಡ್ಡ ಮನಸ್ಸು ಅವನಿಗೆ ಬರಲಿಲ್ಲ. “ಆಯ್ತು ಬುಡು” ಎಂದಷ್ಟೇ ಹೇಳಿದ. ಅಶ್ವಥನ ಹೆಂಡತಿ ಕಾಫಿ ತಂದಳು. ಇಬ್ಬರೂ ನಿಂತೇ ಕುಡಿದರು.

ಮಾತು ಒಂದೇ ಸಲಕ್ಕೆ ಮೊದಲಿನಂತಾಗಲಿಲ್ಲ. ಮೊದಮೊದಲು ಹಸುವಿನ ವಿಷಯ, ಕರೆಂಟಿನ ವಿಷಯ. ಆಮೇಲೆ ಅವ್ವನ ಕಣ್ಣಿನ ವಿಷಯ. ಮಳೆಗೆ ದಿಬ್ಬದ ಒಂದು ಮಗ್ಗುಲು ಕುಸಿದಾಗ ಅಶ್ವಥ್ ಹೇಳದೆ ಕೇಳದೆ ಟ್ರ್ಯಾಕ್ಟರಿನಲ್ಲಿ ಎರಡು ಲೋಡು ಕೆಮ್ಮಣ್ಣು ತಂದು ಬೇಲಿಯ ಹೊರಗೆ ಸುರಿದು ಹೋಗಿದ್ದ. ಬೈರಪ್ಪ ಅದಕ್ಕೂ ಏನೋ ಅಂದ. ಈ ಸಲ ಯಾರೂ ಕಿವಿಗೊಡಲಿಲ್ಲ. ಅನಂತರಾಜು ಸಂಜೆಯೂ ಹೊಡೆಯತೊಡಗಿದ ಮೇಲೆ, ಪಾಳಿ ಮುಗಿಸಿ ಬರುವ ಕಾರ್ಖಾನೆಯ ಕೆಲಸಗಾರರು ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ ನೋಡುವುದು ಮಾಮೂಲಾಯಿತು. ಮುಂದಿನ ವರ್ಷ ಬೆಂಗಳೂರಿನಲ್ಲಿ ನಡೆದ ಒಂದು ಸ್ಪರ್ಧೆಗೂ ಅನಂತರಾಜು ಹೋಗಿ ಬಂದ. ದಪ್ಪ ಜಾಕೆಟ್ ತೊಟ್ಟ ಹುಡುಗ ಹುಡುಗಿಯರ ನಡುವೆ ಬಿಳಿ ಅಂಗಿಯಲ್ಲಿ ನಿಂತು ಹೊಡೆದು, ಕೊನೆಯ ಸಾಲಿನಲ್ಲಿ ಎಲ್ಲೋ ಬಂದ. ಯಾವ ಸ್ಥಾನ ಎಂದು ರಾಧಾಮಣಿ ಕೇಳಿದ್ದಕ್ಕೆ, “ಹಿಂದೆ. ಆದ್ರೆ ಸಂದಾಗಿತ್ತು ಕಣೆ” ಎಂದು ನಕ್ಕ.

ಕಾರ್ತಿಕದ ಒಂದು ಸಂಜೆ ಅಶ್ವಥ್ ಮೊದಲ ಸಲ ಬೇಲಿಯ ಒಳಗೆ ಬಂದ. ಅವ್ವನ ಕಣ್ಣಿನ ಪೊರೆ ತೆಗೆಸಲು ಮಾರನೆಯ ದಿನ ಹೊರಡಬೇಕಿತ್ತು, ಅದನ್ನು ಮಾತಾಡಲು. ಮಾತು ಮುಗಿದ ಮೇಲೂ ನಿಂತೇ ಇದ್ದ. ಅಣ್ಣ ರೈಫಲ್ ಚಾಚಿದಾಗ ತಲೆಯಾಡಿಸಿದ. “ಬ್ಯಾಡಣ್ಣ, ನಂಗೆ ಕೈ ನಡುಗ್ತದೆ.”

“ನಂಗೂ ನಡುಗ್ತದೆ. ನಿಲ್ಲೋಗಂಟ ಕಾಯ್ಬೇಕು ಅಷ್ಟೆ.”

ಅಶ್ವಥ್ ರೈಫಲ್ ಮುಟ್ಟಲಿಲ್ಲ. ಮರಳಿನ ಚೀಲದ ಮೇಲೆ ಕೂತು ಅಣ್ಣ ಹೊಡೆಯುವುದನ್ನು ನೋಡಿದ. ಬೆಳಕು ಕಮ್ಮಿಯಾಗುತ್ತ ಬಂದಾಗ ಎದ್ದು ಹೋಗಿ ಚಂದ್ರಂಕಿಯಿಂದ ಕಾಗದ ಬಿಡಿಸಿಕೊಂಡು ಬಂದ. ಅದನ್ನು ಬೆಳಕಿಗೆ ಹಿಡಿದು ನೋಡುತ್ತ, “ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಹೋದ್ರೆ ಟೋಕನ್ ಬೇಗ ಸಿಗ್ತದಂತೆ” ಎಂದ. ಅನಂತರಾಜು ಹುಳುವಿನ ಮನೆಗೆ ಬೀಗ ಹಾಕಿ, ಅವ್ವನಿಗೆ ಬೆಚ್ಚಗಿರಲಿ ಎಂದು ಒಂದು ಶಾಲು ಇಟ್ಟುಕೊಳ್ಳಬೇಕು ಎಂದ. ಇಬ್ಬರೂ ಕಾರ್ಖಾನೆಯ ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಮನೆಯ ಕಡೆ ನಡೆದರು.